ಲ್ಯಾನ್ ಕೇಬಲ್‌ಗೆ ಮನೆಯಲ್ಲೇ ಕನೆಕ್ಟರ್ ಹಾಕಿದವರು ಹೇಳಿ

ಹೊಸನಗರ ಕಡೆಯಿಂದ ಕೇಳುತ್ತಿದ್ದೇನೆ

ನಮ್ಮದು ಹಳೆ ಹೆಂಚಿನ ಮನೆ. ಫೈಬರ್ ಮೋಡೆಮ್ ಜಗಲಿಯಲ್ಲಿದೆ, ನಾನು ಕೆಲಸ ಮಾಡುವುದು ಉಪ್ಪರಿಗೆಯಲ್ಲಿ. ಮಣ್ಣಿನ ಗೋಡೆ ದಪ್ಪ, ವೈಫೈ ಅಲ್ಲಿಗೆ ಸರಿಯಾಗಿ ಬರುವುದಿಲ್ಲ, ಮೀಟಿಂಗ್ ನಡುವೆ ಮಾತು ನಿಂತು ಹೋಗುತ್ತದೆ. ಲ್ಯಾನ್ ಕೇಬಲ್ ಎಳೆಯೋಣ ಅಂತಿದ್ದೇನೆ. ಎರಡೂ ತುದಿಗೆ ಕನೆಕ್ಟರ್ ಇರುವ ರೆಡಿ ಕೇಬಲ್ ಗೋಡೆಯ ಸಣ್ಣ ತೂತಿನಲ್ಲಿ ತೂರುವುದಿಲ್ಲ, ಹಾಗಾಗಿ ನಾನೇ ಹಾಕಬೇಕು. ಆಮೇಲೆ ಅಂಗಳದ ಆಚೆ ಅಡಿಕೆ ಮನೆಗೂ ಒಂದು ಕ್ಯಾಮೆರಾ ಬೇಕು. ಮಾಡಿ ಗೊತ್ತಿರುವವರು ಹೇಳಿ.

ತೀರ್ಥಹಳ್ಳಿಯಿಂದ

ಖಂಡಿತ ಮಾಡಿ. ಯಾರೋ ಬರುತ್ತಾರೆ ಅಂತ ಕಾಯುವಂಥ ಕೆಲಸವೇ ಅಲ್ಲ ಇದು.

ಮೊದಲು ಕೇಬಲ್ ಸರಿಯಾದದ್ದು ತನ್ನಿ. ತೀರಾ ಅಗ್ಗಕ್ಕೆ ಸಿಗುವುದು ಹೆಚ್ಚಾಗಿ ಸಿಸಿಎ, ಅಂದರೆ ಅಲ್ಯೂಮಿನಿಯಂ ತಂತಿಗೆ ಮೇಲೆ ತೆಳ್ಳಗೆ ತಾಮ್ರ. ಒಂದು ಎಳೆಯನ್ನು ಬ್ಲೇಡಿನಿಂದ ಹೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಬೇಡ ಅನ್ನಿ. ಅದು ಬಗ್ಗಿಸಿದರೆ ಬೇಗ ಮುರಿಯುತ್ತದೆ, ಕ್ಯಾಮೆರಾಗೆ ಅದೇ ಕೇಬಲಿನಲ್ಲಿ ಕರೆಂಟ್ ಕಳಿಸಿದರೆ ಬಿಸಿಯಾಗುತ್ತದೆ, ದೂರ ಹೋದಷ್ಟೂ ವೋಲ್ಟೇಜ್ ಬೀಳುತ್ತದೆ. ಪೂರ್ತಿ ತಾಮ್ರದ್ದೇ ಕೇಳಿ. ಲ್ಯಾನ್ ಕೇಬಲಿನ ದರ್ಜೆಗಳಲ್ಲಿ ಮನೆಗೆ ಕ್ಯಾಟ್ 5ಇ ಸಾಕು, 100 ಮೀಟರ್‌ವರೆಗೆ ಒಂದು ಗಿಗಾಬಿಟ್, ಅಂದರೆ 1000 ಎಂಬಿಪಿಎಸ್ ವೇಗ, ಆರಾಮಾಗಿ ಹೋಗುತ್ತದೆ. ಕ್ಯಾಟ್ 6 ತಂದರೆ ಕನೆಕ್ಟರೂ ಕ್ಯಾಟ್ 6ರದ್ದೇ ಇರಲಿ, ಅದರ ಎಳೆ ಸ್ವಲ್ಪ ದಪ್ಪ, ಬೇರೆಯದಕ್ಕೆ ಸಲೀಸಾಗಿ ಹೋಗುವುದಿಲ್ಲ.

ಕೇಬಲ್ ಎಳೆದಾದ ಮೇಲೆ, ಕನೆಕ್ಟರಿನ ಹಿಂದೆ ಕೂರುವ ರಬ್ಬರ್ ಟೋಪಿ (ಬೂಟ್) ಹಾಕುವುದಿದ್ದರೆ ಮೊದಲೇ ತೂರಿಸಿಡಿ. ಹೊರಸಿಪ್ಪೆಯನ್ನು ಮೂರು ಸೆಂಟಿಮೀಟರಿನಷ್ಟು ತೆಗೆಯಿರಿ. ಅಡಿಕೆ ಸುಲಿದ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ, ಆದರೆ ಬ್ಲೇಡ್ ಒಳಗಿನ ಎಳೆಗೆ ತಾಗಲೇಬಾರದು, ತಾಗಿತು ಅಂತ ಅನಿಸಿದರೂ ಅಷ್ಟನ್ನು ಕತ್ತರಿಸಿ ಮತ್ತೆ ಶುರು ಮಾಡಿ. ಕ್ಯಾಟ್ 6 ಆದರೆ ನಡುವೆ ಪ್ಲಾಸ್ಟಿಕ್ ಕಡ್ಡಿ ಇರಬಹುದು, ಅದನ್ನು ಬುಡದಲ್ಲಿ ಕತ್ತರಿಸಿ. ಹೆಣೆದಿರುವ ನಾಲ್ಕು ಜೋಡಿಯನ್ನು ಬಿಡಿಸಿ, ಎಳೆಗಳನ್ನು ಬೆರಳಲ್ಲಿ ನೀವಿ ನೆಟ್ಟಗೆ ಮಾಡಿ. ಆಮೇಲೆ ಎಡದಿಂದ ಈ ಕ್ರಮ: ಬಿಳಿ-ಆರೆಂಜ್, ಆರೆಂಜ್, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಬ್ರೌನ್, ಬ್ರೌನ್. ಇದಕ್ಕೆ ಟಿ568ಬಿ ಅನ್ನುತ್ತಾರೆ. ಎರಡೂ ತುದಿಗೆ ಇದೇ.

ಕನೆಕ್ಟರ್ ಹಿಡಿಯುವಾಗ ಕ್ಲಿಪ್ ಆಚೆ ಕಡೆ, ಚಿನ್ನದ ಬಣ್ಣದ ಹಲ್ಲು ನಿಮ್ಮ ಕಡೆ, ಬಾಯಿ ಕೆಳಗೆ. ಆಗ ಒಂದನೇ ಎಳೆ ಎಡಕ್ಕೆ ಬರುತ್ತದೆ. ಎಳೆಗಳ ತುದಿಯನ್ನು ಒಂದೇ ಸಮ ಕತ್ತರಿಸಿ 12-13 ಮಿಲಿಮೀಟರ್ ಮಾತ್ರ ಉಳಿಸಿ. ಜಾಸ್ತಿ ಬಿಟ್ಟರೆ ಹೊರಸಿಪ್ಪೆ ಕನೆಕ್ಟರಿನ ಹೊರಗೇ ಉಳಿಯುತ್ತದೆ, ಎಳೆದಾಗೆಲ್ಲ ಭಾರ ಪೂರ್ತಿ ಆ ಸಣ್ಣ ಎಳೆಗಳ ಮೇಲೆ ಬಿದ್ದು ಕೆಲವು ತಿಂಗಳಲ್ಲಿ ಸಡಿಲವಾಗುತ್ತದೆ. ಸಿಪ್ಪೆ ಒಳಗೆ ಹೋಗಿ, ಕನೆಕ್ಟರನ್ನು ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲಿನ ಒತ್ತು ಅದರ ಮೇಲೆ ಬೀಳಬೇಕು. ಎಂಟೂ ತಾಮ್ರದ ತುದಿ ಮುಂದಿನಿಂದ ಕಾಣುತ್ತಿದೆಯಾ, ಬಣ್ಣ ಅದಲು ಬದಲಾಗಿಲ್ಲವಾ ನೋಡಿಕೊಂಡೇ ಟೂಲ್ ಒತ್ತಿ.

ಎಳೆಗಳು ಮುಂದಿನಿಂದ ಹೊರಗೆ ಬರುವ ಪಾಸ್-ಥ್ರೂ ಕನೆಕ್ಟರೂ ಸಿಗುತ್ತದೆ. ಹೊಸಬರಿಗೆ ಅದೇ ಸುಲಭ. ಆದರೆ ಹೊರಬಂದ ತುದಿಯನ್ನು ಕತ್ತರಿಸುವ ಟೂಲ್ ಬೇರೆ ಇರುತ್ತದೆ, ಮಾಮೂಲಿ ಟೂಲ್ ಅದನ್ನು ಮಾಡುವುದಿಲ್ಲ.

ಶಿವಮೊಗ್ಗ, ವಿನೋಬನಗರದಿಂದ

ಬಣ್ಣದ ಕ್ರಮದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಎರಡೂ ಕಡೆ ಒಂದೇ ಥರ ಇದ್ದರೆ ಸಾಕಲ್ವಾ ಅಂತ ಕೆಲವರು ಜೋಡಿಗಳನ್ನು ಸುಮ್ನೆ ಸಾಲಾಗಿ ಕೂರಿಸುತ್ತಾರೆ. ಸಾಕಾಗುವುದಿಲ್ಲ. ಮೂರು ಮತ್ತು ಆರನೇ ಎಳೆ ಒಂದೇ ಜೋಡಿಯದಾಗಿರಬೇಕು, ಅದಕ್ಕೇ ಹಸಿರಿನ ನಡುವೆ ನೀಲಿ ಬರುವುದು. ಜೋಡಿಯ ಹೆಣಿಗೆಯೇ ಅಕ್ಕಪಕ್ಕದ ಜೋಡಿಯ ಸಿಗ್ನಲ್ ಗಲಾಟೆಯನ್ನು ತಡೆಯುತ್ತದೆ. ಜೋಡಿ ತಪ್ಪಿಸಿದರೆ ಅಗ್ಗದ ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ಲೈಟ್ ಸರಿಯಾಗಿಯೇ ಬರುತ್ತದೆ, ನೆಟ್ ಮಾತ್ರ ಉದ್ದದ ಕೇಬಲಿನಲ್ಲಿ ಒದ್ದಾಡುತ್ತದೆ.

ನೆಟ್ ಬಂತು ಅಂತ ನಿಲ್ಲಿಸಬೇಡಿ. ಕಂಪ್ಯೂಟರಿನಲ್ಲಿ ಲಿಂಕ್ ಸ್ಪೀಡ್ ನೋಡಿ. 1000 ಇರಬೇಕಾದ ಕಡೆ 100 ಇದ್ದರೆ ಯಾವುದೋ ಎಳೆ ಕೂತಿಲ್ಲ. 100ಕ್ಕೆ ಒಂದು, ಎರಡು, ಮೂರು, ಆರು ಇಷ್ಟೇ ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿ ನೀಲಿಯೋ ಬ್ರೌನೋ ಕೈಕೊಟ್ಟರೆ ನೆಟ್ ನಿಲ್ಲುವುದಿಲ್ಲ, ಯಾರಿಗೂ ಗೊತ್ತೂ ಆಗುವುದಿಲ್ಲ. ಆದರೆ ಕೇಬಲಿಗೆ ಬೈಯುವ ಮೊದಲು ಮೋಡೆಮ್ಮಿನ ಪೋರ್ಟ್ ಗಿಗಾಬಿಟ್ಟಾ ನೋಡಿ, ಎಷ್ಟೋ ಮೋಡೆಮ್ಮಿನಲ್ಲಿ ಇರುವುದೇ 100ರ ಪೋರ್ಟ್.

ಸಾಗರದಿಂದ

ಮನೆಯೊಳಗೆ ಇವರು ಹೇಳಿದ ಹಾಗೆ ಮಾಡಿ. ಅಡಿಕೆ ಮನೆಗೆ ಮಾತ್ರ ದಯವಿಟ್ಟು ತಾಮ್ರ ಎಳೆಯಬೇಡಿ ಮಾರಾಯ್ರೆ. ನಮ್ಮ ಕಡೆ ಏಪ್ರಿಲ್-ಮೇ ಗುಡುಗು ಹೇಗಿರುತ್ತದೆ ಗೊತ್ತಲ್ಲ. ಸಿಡಿಲು ಮನೆಗೇ ಬೀಳಬೇಕಂತಿಲ್ಲ, ಹತ್ತಿರದ ತೋಟಕ್ಕೆ ಬಿದ್ದರೂ ಅಂಗಳ ದಾಟಿದ ತಂತಿಯಲ್ಲಿ ವೋಲ್ಟೇಜ್ ಏರಿ ಎರಡೂ ತುದಿಯ ಪೋರ್ಟ್ ಸುಡುತ್ತದೆ. ನಮ್ಮ ಮನೆಯಲ್ಲಿ ಕ್ಯಾಮೆರಾ, ಸ್ವಿಚ್, ಮೋಡೆಮ್ ಒಂದೇ ಸಂಜೆ ಹೋದವು.

ಈಗ ಆ ಕಡೆಗೆ ಫೈಬರ್ ಎಳೆದಿದ್ದೇವೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ಸಿಗ್ನಲ್ಲಿಗೆ ಬದಲಾಯಿಸುವ ಪುಟ್ಟ ಡಬ್ಬಿ), ಅದರಿಂದ ಕ್ಯಾಮೆರಾಗೆ ಗಿಡ್ಡ ಲ್ಯಾನ್ ಕೇಬಲ್. ಫೈಬರ್ ತುದಿಯನ್ನು ಕ್ರಿಂಪಿಂಗ್ ಟೂಲಿನಲ್ಲಿ ಮಾಡಲಾಗದು, ಕನೆಕ್ಟರ್ ಕೂರಿಸಿದ್ದನ್ನೇ ತನ್ನಿ, ಇಲ್ಲವೇ ಊರಿನ ಫೈಬರ್ ಕೆಲಸದವರ ಹತ್ತಿರ ಸ್ಪ್ಲೈಸ್ ಮಾಡಿಸಿ, ಅಂದರೆ ಗಾಜಿನ ಎಳೆ ಜೋಡಿಸಿಕೊಳ್ಳಿ. ಕಂಬಕ್ಕೆ ಕಟ್ಟುವ ಫೈಬರಿನಲ್ಲಿ ಹೆಚ್ಚಾಗಿ ಉಕ್ಕಿನ ತಂತಿಯೂ ಇರುತ್ತದೆ, ಅದನ್ನು ಮನೆಯೊಳಗೆ ತರದೆ ಹೊರಗೇ ಬಿಡಿ.

ಕೊಪ್ಪದಿಂದ

ಅಟ್ಟದಲ್ಲಿ ಇಲಿ ಇದ್ದರೆ ಪಿವಿಸಿ ಪೈಪಿನೊಳಗೇ ಎಳೆಯಿರಿ. ಕರೆಂಟ್ ವೈರಿನಿಂದ ಒಂದು ಗೇಣು ದೂರ ಇಡಿ, ದಾಟಲೇಬೇಕಾದ ಕಡೆ ಅಡ್ಡಲಾಗಿ ದಾಟಿಸಿ. ಸ್ವಲ್ಪ ದೂರವಾದರೂ ಮಾಡಿನ ಹೊರಗೆ ಹೋಗುವುದಿದ್ದರೆ ಹೊರಾಂಗಣದ ಕಪ್ಪು ಸಿಪ್ಪೆಯ ಕೇಬಲ್ಲೇ ಬೇಕು, ಗೋಡೆಗೆ ನುಗ್ಗುವ ಮೊದಲು ಕೆಳಕ್ಕೆ ಒಂದು ಬಾಗು ಕೊಡಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಇಲ್ಲದಿದ್ದರೆ ನೀರು ಕೇಬಲ್ ಹಿಡಿದು ಒಳಗೆ ಬಂದು ಕನೆಕ್ಟರಿಗೆ ಕಿಲುಬು ಹಿಡಿಯುತ್ತದೆ.

ಹೊಸನಗರದಿಂದ

ತುಂಬಾ ಉಪಕಾರವಾಯಿತು. ಅಡಿಕೆ ಮನೆಗೆ ಫೈಬರ್ರೇ ಮಾಡಿಸುತ್ತೇನೆ. ಇನ್ನೊಂದು ಅನುಮಾನ: ಉಪ್ಪರಿಗೆ ತುದಿಯಲ್ಲಿ ಕನೆಕ್ಟರ್ ಬದಲು ಗೋಡೆಗೆ ಲ್ಯಾನ್ ಸಾಕೆಟ್ಟಿನ ಬಾಕ್ಸ್ ಹಾಕಬಹುದಾ?

ತೀರ್ಥಹಳ್ಳಿಯಿಂದ

ಹಾಕಿ, ಅದೇ ಒಳ್ಳೆಯದು. ಗೋಡೆಯೊಳಗೆ ಎಳೆಯುವ ಕೇಬಲಿನ ತಂತಿ ಗಟ್ಟಿ, ದಿನಾ ಬಗ್ಗಿಸಿದರೆ ತಡೆಯುವುದಿಲ್ಲ. ಬಾಕ್ಸಿನ ಜ್ಯಾಕ್ ಮೇಲೆ ಎ, ಬಿ ಎರಡು ಬಣ್ಣದ ಸಾಲು ಇರುತ್ತದೆ, ಬಿ ನೋಡಿ ಎಳೆಗಳನ್ನು ಜ್ಯಾಕಿನ ಸೀಳಿಗೆ ಒತ್ತುವ ಪಂಚಿಂಗ್ ಟೂಲಿನಿಂದ ಒತ್ತಿ. ಅಲ್ಲಿಂದ ಲ್ಯಾಪ್‌ಟಾಪಿಗೆ ಅಂಗಡಿಯ ರೆಡಿ ಪ್ಯಾಚ್ ಕೇಬಲ್, ಅಂದರೆ ಎರಡೂ ತುದಿಗೆ ಕನೆಕ್ಟರ್ ಇರುವ ಗಿಡ್ಡ ಕೇಬಲ್, ಹಾಕಿಕೊಳ್ಳಿ.