ಬಳ್ಳಾರಿಯ 24 ಮನೆಗಳ ಬಡಾವಣೆಗೆ ಭೂಶಾಖ: ಕರೆಂಟು, ಬಿಸಿನೀರು, ಎಸಿ ಮೂರೂ ಸಿಗುತ್ತಾ?

ಎರೆಹೊಲ:
ಬಳ್ಳಾರಿ ಹೊರವಲಯದಲ್ಲಿ 24 ಮನೆಗಳ ಲೇಔಟ್. ಎಲ್ಲ ಎರಡು ಬೆಡ್‌ರೂಮಿನ ಮನೆಗಳು, ಮನೆಗೆ 2 ಟನ್ ಎಸಿ ಲೆಕ್ಕ. ಪಾರ್ಕಿಗೆ ಬಿಟ್ಟ ಜಾಗ 25 × 50 ಮೀಟರ್. ಮೇಲೆ ಎರಡು ಮೀಟರ್ ಎರೆ ಮಣ್ಣು, ಕೆಳಗೆ ಮೊರಮು, ಆಮೇಲೆ ಬಂಡೆ. ಭೂಮಿಯ ಶಾಖದಿಂದ ಕರೆಂಟು, ಬಿಸಿನೀರು, ಎಸಿ ನಡೆಸಬಹುದಾ? ಎಷ್ಟು ಬೋರು, ಎಷ್ಟು ಆಳ, ಎಲ್ಲಿ ಕೈಕೊಡುತ್ತೆ, ಲೆಕ್ಕ ಸಮೇತ ಹೇಳ್ರಿ.

ಹೆಬ್ಬಂಡೆ:
ಕರೆಂಟಿನ ಆಸೆ ಮೊದಲು ಬಿಡಿ. ನಮ್ಮ ಕಾಲಡಿ ಇರುವುದು ಧಾರವಾಡ ಕ್ರೇಟಾನ್, 250 ಕೋಟಿ ವರ್ಷಕ್ಕೂ ಹಳೆಯ, ಆರಿ ತಣ್ಣಗಾದ ಬಂಡೆ. ಕೋಲಾರದ ಚಿನ್ನದ ಗಣಿ 3 ಕಿ.ಮೀ.ಗಿಂತ ಆಳಕ್ಕೆ ಹೋಗಿತ್ತು, ಅಲ್ಲಿಯೂ ಬಂಡೆಯ ಬಿಸಿ 65 ಡಿಗ್ರಿ ಆಸುಪಾಸು. ಟರ್ಬೈನ್ ತಿರುಗಿಸಲು ಸಾಮಾನ್ಯವಾಗಿ 100 ಡಿಗ್ರಿ ಮೀರಿದ ನೀರು ಧಾರಾಳವಾಗಿ ಉಕ್ಕಬೇಕು. ಅದಕ್ಕೇ ಒಎನ್‌ಜಿಸಿ 2021ರಲ್ಲಿ ಬಿಸಿನೀರ ಬುಗ್ಗೆಗಳಿರುವ ಲಡಾಖ್‌ನ ಪೂಗಾ ಕಣಿವೆಯಲ್ಲಿ ಪ್ರಯೋಗಕ್ಕೆ ಒಪ್ಪಂದ ಮಾಡಿಕೊಂಡಿದ್ದು. (ಕುಡತಿನಿಯ ‘ಥರ್ಮಲ್’ ಕಲ್ಲಿದ್ದಲಿನದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಈ ಗೊಂದಲ ಪದೇ ಪದೇ ಬರುತ್ತದೆ.)

ಉಳಿದದ್ದು ಒಂದೇ ದಾರಿ: ಎಸಿ ಹೊರಗೆ ಚೆಲ್ಲುವ ಬಿಸಿಯನ್ನು 43 ಡಿಗ್ರಿ ಗಾಳಿಯ ಬದಲು ಬಂಡೆಗೆ ಚೆಲ್ಲುವುದು. ಹತ್ತಾರು ಮೀಟರ್ ಕೆಳಗೆ ಬಂಡೆ ವರ್ಷವಿಡೀ 28–30 ಡಿಗ್ರಿಯಲ್ಲಿರುತ್ತದೆ.

ಟನ್‌ಲೆಕ್ಕ:
ಎಲ್ಲ ಮನೆಯ ಎಸಿ ಒಂದೇ ಹೊತ್ತಿಗೆ ಪೂರ್ತಿ ಓಡುವುದಿಲ್ಲ. 48 ಟನ್ನಿಗೆ 30 ಟನ್ ಹಿಡಿಯಿರಿ, ಅಂದರೆ 105 ಕಿಲೋವಾಟ್. ಕಂಪ್ರೆಸರ್ ತಿನ್ನುವ ಕರೆಂಟೂ ಕೊನೆಗೆ ಬಿಸಿಯೇ ಆಗುವುದರಿಂದ ನೆಲಕ್ಕೆ ಇಳಿಯುವುದು ಸುಮಾರು 128 ಕಿಲೋವಾಟ್. ಬೋರಿನ ಪ್ರತಿ ಮೀಟರಿಗೆ 40 ವಾಟ್ ಅಂದರೂ 3,200 ಮೀಟರ್ ಬೇಕು: 100 ಮೀಟರಿನ 32 ಬೋರು. 6 ಮೀಟರ್ ಅಂತರದಲ್ಲಿ 4 × 8 ಸಾಲು ಹಾಕಿದರೆ 18 × 42 ಮೀಟರ್, ಪಾರ್ಕಿನೊಳಗೆ ಕೂರುತ್ತದೆ.

ನೀರು ಟನ್ನಿಗೆ ನಿಮಿಷಕ್ಕೆ 11 ಲೀಟರ್, ಒಟ್ಟು 330 ಲೀಟರ್. ಲೂಪಿನ (ಬೋರುಗಳಿಗೂ ಮನೆಗಳಿಗೂ ನಡುವೆ ಮುಚ್ಚಿದ ಪೈಪಿನಲ್ಲಿ ಸುತ್ತುವ) ನೀರು 30–38 ಡಿಗ್ರಿ ಇರುವುದರಿಂದ ಮನೆಗಳಿಗೆ ಹೋಗುವ ಪೈಪಿಗೆ ಇನ್ಸುಲೇಷನ್ ಬೇಡ. ಪ್ರತಿ ಮನೆಯಲ್ಲಿ ನೀರಿನಿಂದ ತಣಿಯುವ ಹೀಟ್ ಪಂಪ್ (ಬಿಸಿಯನ್ನು ಗಾಳಿಯ ಬದಲು ಲೂಪಿಗೆ ಚೆಲ್ಲುವ ಎಸಿ) ಇಟ್ಟರೆ ಕಂಪ್ರೆಸರ್ ಬಿಲ್ಲು ಅವರವರ ಜೆಸ್ಕಾಂ ಮೀಟರಿಗೇ ಬೀಳುತ್ತದೆ, ಜಗಳ ಕಮ್ಮಿ. ಸುತ್ತುವ ಪಂಪು 3 ಎಚ್‌ಪಿ ಸಾಕು. ‘ಇರಲಿ’ ಅಂತ 10 ಎಚ್‌ಪಿ ಕೂರಿಸಿದರೆ ಉಳಿತಾಯದ ಅರ್ಧ ಅದೇ ನುಂಗುತ್ತದೆ.

ಕೇಸಿಂಗ್:
ಕೊರೆಯುವ ಮಾತು. ಗ್ರಾನೈಟಿಗೆ ಮಾಮೂಲಿ ಆರೂವರೆ ಇಂಚಿನ ಹ್ಯಾಮರ್ ರಿಗ್ಗೇ ಸಾಕು, ಮೊರಮು ಮುಗಿದು ಗಟ್ಟಿ ಬಂಡೆ ಸಿಗುವ ತನಕ ಕೇಸಿಂಗ್ ಇಳಿಸಿ. ಹೊಲಕ್ಕೆ ಹಾಕುವ ಕಪ್ಪು ಪೈಪು ನಡೆಯದು: ಪಿಇ100 ದರ್ಜೆಯ 32 ಮಿ.ಮೀ. ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು, ತಳದ ಯು ತಿರುವು ಕಾರ್ಖಾನೆಯಲ್ಲೇ ಬೆಸೆದು ಬಂದಿರಬೇಕು. ಇಳಿಸುವ ಮೊದಲೊಮ್ಮೆ, ಇಳಿಸಿದ ಮೇಲೊಮ್ಮೆ ಒತ್ತಡದ ಪರೀಕ್ಷೆ. ಪೈಪಿನೊಳಗೆ ನೀರು ತುಂಬಿ, ತಳಕ್ಕೆ ಭಾರ ಕಟ್ಟಿ ಇಳಿಸಿ. ಖಾಲಿ ಪೈಪು ಬೋರಿನ ನೀರಲ್ಲಿ ತೇಲಿ ಮೇಲೆ ಬರುತ್ತದೆ.

ಹೆಚ್ಚಿನ ಕೆಲಸ ಕೆಡುವುದು ಗ್ರೌಟಿನಲ್ಲಿ, ಅಂದರೆ ಪೈಪಿಗೂ ಬಂಡೆಗೂ ನಡುವಿನ ಸಂದು ತುಂಬುವುದರಲ್ಲಿ. ಬೆಂಟೋನೈಟ್ ಜೇಡಿ ಮತ್ತು ಮರಳಿನ ಪಾಕವನ್ನು ತೆಳು ಪೈಪಿನಲ್ಲಿ ತಳದಿಂದ ಮೇಲಕ್ಕೆ ಪಂಪ್ ಮಾಡಬೇಕು. ಬಾಯಿಂದ ಸುರಿದರೆ ನಡುವೆ ಸಿಕ್ಕಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ, ಪೊಳ್ಳಿದ್ದಲ್ಲಿ ಬಿಸಿ ಬಂಡೆಗೆ ದಾಟುವುದಿಲ್ಲ. ಕೊನೆಗೆ ಒಂದೊಂದೇ ಬೋರಿಗೆ ನಿಮಿಷಕ್ಕೆ 20 ಲೀಟರ್ ಬಿಟ್ಟು ಗಾಳಿ ಹೊರಡಿಸಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಡ್ಡ ಪೈಪುಗಳ ಸುತ್ತ ಮರಳು ಹಾಸಬೇಕು, ಥ್ರೆಡ್ ಜೋಡಣೆ ಕೂಡದು, ಬರೀ ಬೆಸುಗೆ.

ಇನ್ನೊಂದು: ಯಾವುದಾದರೂ ಬೋರಿನಲ್ಲಿ ಎರಡು ಇಂಚು ನೀರು ಬಿದ್ದರೆ ಮೋಟರ್ ಇಳಿಸೋಣ ಅಂತ ಊರೇ ಸೇರುತ್ತದೆ. ಆ ತೀರ್ಮಾನ ಕೊರೆಯುವ ಮೊದಲೇ ಬರವಣಿಗೆಯಲ್ಲಿ ಆಗಲಿ.

ಎರೆಹೊಲ:
ಬೋರು ಬಿಟ್ಟು, 3–4 ಮೀಟರ್ ಆಳದಲ್ಲಿ ಪೈಪು ಹೂತು ಗಾಳಿ ಎಳೆದರೆ? ಟನ್‌ಲೆಕ್ಕ ಸರ್, 32 ಬೋರು ಹಾಕಿದರೆ ಎಷ್ಟು ವರ್ಷ ಹೀಗೇ ತಂಪು ಸಿಗುತ್ತೆ?

ಹೆಬ್ಬಂಡೆ:
ಗಾಳಿ ಸುರಂಗ ಕೆಲಸ ಮಾಡುತ್ತದೆ, ಗುರುಗ್ರಾಮದ ಬಳಿ ಟೆರಿ ಸಂಸ್ಥೆಯ ಕಟ್ಟಡದಲ್ಲಿ 4 ಮೀಟರ್ ಆಳದಲ್ಲಿದೆ. ಆದರೆ ಒಣ ಎರೆ ಮಣ್ಣು ಬಿಸಿ ಎಳೆದುಕೊಳ್ಳುವುದು ನಿಧಾನ, ಬಿರುಕು ಬಿಟ್ಟರೆ ಇನ್ನೂ ನಿಧಾನ. ಮಳೆಗಾಲದಲ್ಲಿ ಪೈಪಿನೊಳಗೆ ನೀರು ನಿಂತು ಬೂಸ್ಟು ವಾಸನೆ ಮನೆಗೆ ಬರುತ್ತದೆ. 24 ಮನೆಗೆ ಬೇಡ.

ಎರಡನೆಯ ಪ್ರಶ್ನೆ ಸರಿಯಾದ ಪ್ರಶ್ನೆ. ಚಳಿ ದೇಶಗಳಲ್ಲಿ ಬೇಸಿಗೆಯಲ್ಲಿ ನೆಲಕ್ಕೆ ಕೊಟ್ಟ ಬಿಸಿಯನ್ನು ಚಳಿಗಾಲದಲ್ಲಿ ಮನೆ ಕಾಯಿಸಲು ವಾಪಸ್ ತೆಗೆಯುತ್ತಾರೆ. ಬಳ್ಳಾರಿಯಲ್ಲಿ ಯಾರು ಮನೆ ಕಾಯಿಸುತ್ತಾರೆ? ವರ್ಷಕ್ಕೆ 1,500 ಗಂಟೆ ಪೂರ್ಣ ಲೋಡ್ ಅಂದರೆ 1.9 ಲಕ್ಷ ಯೂನಿಟ್ ಬಿಸಿ ಕೆಳಗೆ ಇಳಿಯುತ್ತದೆ. ಆ 32 ಬೋರಿನ ಸುತ್ತಲ ಬಂಡೆ ಸುಮಾರು 1.15 ಲಕ್ಷ ಘನ ಮೀಟರ್. ಅದರ ಬಿಸಿ ಒಂದು ಡಿಗ್ರಿ ಏರಲು 70,000 ಯೂನಿಟ್ ಸಾಕು. ಪಕ್ಕಕ್ಕೆ ಸೋರುವುದನ್ನು ಬಿಟ್ಟರೆ ವರ್ಷಕ್ಕೆ ಎರಡೂವರೆ ಡಿಗ್ರಿಗೂ ಹೆಚ್ಚು! ನಾಲ್ಕೈದು ವರ್ಷಕ್ಕೆ ನಿಮ್ಮ ‘ತಂಪು’ ನೆಲ ಮುಗಿಯಿತು.

ಟನ್‌ಲೆಕ್ಕ:
ಒಪ್ಪಿದೆ, ನನ್ನ ಲೆಕ್ಕ ಮೊದಲ ಬೇಸಿಗೆಯದು. ಸ್ನಾನದ ನೀರಿಗೆ ಅದೇ ಲೂಪಿನಿಂದ ಬಿಸಿ ತೆಗೆದರೂ (ಮನೆಗೆ ದಿನಕ್ಕೆ 150 ಲೀಟರ್) ವಾಪಸಾಗುವುದು ವರ್ಷಕ್ಕೆ 35,000 ಯೂನಿಟ್ ಆಸುಪಾಸು, ಐದನೇ ಒಂದು ಭಾಗವೂ ಮುಟ್ಟದು. ಬೆಸ್ಟ್ ಉಪಾಯ ಡ್ರೈ ಕೂಲರ್: ನವೆಂಬರ್‌ನಿಂದ ಫೆಬ್ರವರಿವರೆಗೆ ರಾತ್ರಿ ಗಾಳಿ 18 ಡಿಗ್ರಿ ಹತ್ತಿರ ಇಳಿದಾಗ ಲೂಪಿನ ನೀರನ್ನು ಫ್ಯಾನಿಟ್ಟ ಕಾಯಿಲಿನಲ್ಲಿ ಹಾಯಿಸಿ ಬಂಡೆಯನ್ನೇ ತಣಿಸುವುದು. 110 ರಾತ್ರಿ, ಹತ್ತತ್ತು ಗಂಟೆ ನಡೆಸಿದರೆ 90,000 ಯೂನಿಟ್‌ನಷ್ಟು ಹೊರಹೋಗುತ್ತದೆ, ನೀರೂ ಖರ್ಚಾಗದು. ಉಳಿದ ಕೊರತೆಗೆ ಬೋರಿನ ಅಂತರ ಜಾಸ್ತಿ ಮಾಡಿ, ಇಲ್ಲವೇ ಲೋಡ್ ಇಳಿಸಿ: ತಾರಸಿಗೆ ಬಿಳಿ ಹೆಂಚು, ಪಶ್ಚಿಮದ ಕಿಟಕಿಗೆ ಹೊರಗಿಂದ ನೆರಳು. ಮಣ್ಣಿನ ಮಾಳಿಗೆ ಮನೆ ಯಾಕೆ ತಂಪು ಅಂತ ನಿಮಗೆ ಹೇಳಬೇಕಿಲ್ಲ.

ಕೇಸಿಂಗ್:
32ಕ್ಕೂ ಆರ್ಡರ್ ಕೊಡಬೇಡಿ. ಒಂದೇ ಬೋರು ಹಾಕಿ, ಗ್ರೌಟ್ ಆರಲು ನಾಲ್ಕೈದು ದಿನ ಬಿಟ್ಟು, 6 ಕಿಲೋವಾಟ್ ಹೀಟರ್ ಕಟ್ಟಿ 48 ಗಂಟೆ ನೀರು ಸುತ್ತಿಸಿ, ಹೋಗುವ ಬರುವ ನೀರಿನ ಬಿಸಿ ಬರೆದುಕೊಳ್ಳಿ. ಮೀಟರಿಗೆ 40 ವಾಟ್ ಅನ್ನುವ ಲೆಕ್ಕ ನಿಮ್ಮ ಬಂಡೆಗೆ ನಿಲ್ಲುತ್ತದೋ ಇಲ್ಲವೋ ಆಗ ತಿಳಿಯುತ್ತದೆ. ನಡುವೆ ಕರೆಂಟು ಹೋದರೆ ಪರೀಕ್ಷೆ ಕೆಟ್ಟಂತೆ, ಜನರೇಟರ್ ಇಟ್ಟುಕೊಂಡೇ ಶುರು ಮಾಡಿ.