ನದಿ ದಾರಿ ಬದಲಿಸುವ ಗೇಮ್‌ಗೆ ಜೊತೆಗಾರರು ಬೇಕು, ಹೇಗೆ ಹುಡುಕಲಿ?

ನದಿನಕ್ಷೆ:

ಹದಿನಾಲ್ಕು ತಿಂಗಳಿಂದ ಒಬ್ಬಳೇ ಒಂದು ಗೇಮ್ ಮಾಡುತ್ತಿದ್ದೇನೆ. ಕೆಲಸ ಮುಗಿಸಿ ಬಂದ ಮೇಲೆ ದಿನಾ ಎರಡು ಗಂಟೆ ಅದಕ್ಕೇ ಇಟ್ಟಿದ್ದೇನೆ. ಒಂದು ದೊಡ್ಡ ನದಿ, ಅದರ ದಂಡೆಯಲ್ಲಿ ಹನ್ನೆರಡು ಊರು. ಆಡುವವರ ಕೆಲಸ ನಕ್ಷೆ ಬರೆಯುವುದು. ಪ್ರತಿ ಮಳೆಗಾಲಕ್ಕೂ ನದಿ ದಾರಿ ಬದಲಿಸುತ್ತದೆ. ಹೋದ ವರ್ಷ ನೀವು ಬರೆದ ನಕ್ಷೆ ಈ ವರ್ಷ ಸುಳ್ಳಾಗುತ್ತದೆ. ಅದನ್ನು ನಂಬಿ ದೋಣಿ ಬಿಟ್ಟವರು ಮರಳಿಗೆ ಸಿಕ್ಕಿಕೊಳ್ಳುತ್ತಾರೆ. ಆಮೇಲೆ ನಡೆದುಕೊಂಡು ಊರಿಗೆ ಬಂದು ನಿಮ್ಮ ಮುಖ ನೋಡುತ್ತಾರೆ. ಆ ನೋಟ ತೋರಿಸಬೇಕು ಅಂತಲೇ ನಾನು ಇದನ್ನು ಶುರು ಮಾಡಿದ್ದು.

ನದಿ ಎಲ್ಲಿ ತಿರುಗಬೇಕು ಅಂತ ನಾನು ಮೊದಲೇ ಬರೆದಿಟ್ಟಿಲ್ಲ. ನೆಲವನ್ನು ಚೌಕಗಳಾಗಿ ಮಾಡಿ, ಪ್ರತಿ ಚೌಕಕ್ಕೂ ಎತ್ತರ, ನೀರು, ಹೂಳು ಅಂತ ಮೂರು ಸಂಖ್ಯೆ ಕೊಟ್ಟಿದ್ದೇನೆ. ನೀರು ಜೋರಾಗಿ ಹರಿಯುವ ಕಡೆ ಮಣ್ಣು ಕೊರೆಯುತ್ತದೆ, ನಿಧಾನವಾದ ಕಡೆ ಹೂಳು ಕೂರುತ್ತದೆ. ತಿರುವಿನ ಹೊರದಂಡೆ ಸವೆಯುತ್ತಾ, ಒಳದಂಡೆ ಬೆಳೆಯುತ್ತಾ ಹೋಗುತ್ತದೆ. ಮೊದಲ ಸಲ ನದಿ ತಾನಾಗಿಯೇ ಒಂದು ತಿರುವನ್ನು ಕತ್ತರಿಸಿ ನೇರವಾಗಿ ಹರಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದರೆ ನನಗೆ ಚಿತ್ರ ಬರುವುದಿಲ್ಲ, ಸಂಗೀತವೂ ಬರುವುದಿಲ್ಲ. ಆರು ತಿಂಗಳ ಹಿಂದೆ ಆರ್ಟಿಸ್ಟ್, ಸೌಂಡ್ ಮಾಡುವವರು, ಕತೆ ಬರೆಯುವವರು ಬೇಕು ಅಂತ ಒಂದು ಕಡೆ ಹಾಕಿದ್ದೆ. ಹನ್ನೊಂದು ಜನ ಬಂದರು. ಎಲ್ಲರಿಗೂ ನಲವತ್ತು ಪುಟದ ಡಿಸೈನ್ ಡಾಕ್ಯುಮೆಂಟ್ ಕಳಿಸಿದೆ. ಆರು ವಾರ ಕಳೆಯುವಷ್ಟರಲ್ಲಿ ಒಬ್ಬರೂ ಉಳಿದಿರಲಿಲ್ಲ. ಸಂಬಳ ಕೊಡಲು ನನ್ನಿಂದ ಆಗದು, ಬಂದ ದುಡ್ಡಲ್ಲಿ ಪಾಲು ಕೊಡಬಲ್ಲೆ. ನಾನು ಎಲ್ಲಿ ತಪ್ಪಿದೆ? ಈ ಸಲ ಹೇಗೆ ಕೇಳಲಿ?

ಚುಕ್ಕಿಚಿತ್ರ:

ನಾನು ಪಿಕ್ಸೆಲ್ ಆರ್ಟ್, ಅಂದರೆ ಚುಕ್ಕಿ ಚುಕ್ಕಿ ಜೋಡಿಸಿ ಗೇಮಿಗೆ ಚಿತ್ರ ಮಾಡುತ್ತೇನೆ. ಇಂಥ ತಂಡಗಳನ್ನು ಮೂರು ಸಲ ಸೇರಿ ಮೂರು ಸಲ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಅಂತ ಯಾರೂ ಕೇಳಲಿಲ್ಲ. ನೀವು ಕೇಳಿದ್ದೀರಿ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ನಿಮ್ಮ ಡಾಕ್ಯುಮೆಂಟಲ್ಲಿ ಎಷ್ಟು ಪಾತ್ರಗಳಿವೆ? ಹನ್ನೆರಡು ಊರು ಅಂದರೆ ಮೂವತ್ತಾದರೂ ಇರಬೇಕು ಅಲ್ವಾ. ಒಂದು ಪಾತ್ರ ಎಂಟು ದಿಕ್ಕಿಗೆ ನಡೆಯಬೇಕು, ಪ್ರತಿ ದಿಕ್ಕಿಗೂ ಎಂಟು ಫ್ರೇಮ್ ಅಂದರೆ 64 ಚಿತ್ರ. ಅದು ಬರೀ ನಡಿಗೆ. ದೋಣಿಗೆ ಹುಟ್ಟು ಹಾಕುವುದು, ಕೂರುವುದು, ಮರಳಲ್ಲಿ ಕಾಲು ಎಳೆಯುವುದು ಬೇರೆ. ಮೂವತ್ತು ಪಾತ್ರಕ್ಕೆ ನಡಿಗೆಯೇ 1,920 ಚಿತ್ರ. ನನಗೆ ಒಂದು ಫ್ರೇಮಿಗೆ ಅರ್ಧ ಗಂಟೆ ಬೇಕು. 960 ಗಂಟೆ. ಡಾಕ್ಯುಮೆಂಟ್ ಓದುವಾಗ ಆರ್ಟಿಸ್ಟ್ ಮನಸ್ಸಲ್ಲಿ ಈ ಲೆಕ್ಕವೇ ಓಡುತ್ತಿರುತ್ತದೆ. ಅವರು ನಿಮ್ಮ ಮೇಲೆ ಬೇಜಾರಾಗಿ ಹೋದವರಲ್ಲ. ಇದು ಮುಗಿಯಲ್ಲ ಅಂತ ಅವರಿಗೆ ಕಂಡಿದೆ, ನಿಮಗೆ ಹೇಳಲು ಸಂಕೋಚ, ಸುಮ್ನೆ ಹೋಗಿಬಿಟ್ಟಿದ್ದಾರೆ.

ಅದನ್ನೇ ಹೀಗೆ ನೋಡಿ. ನಾಲ್ಕೇ ದಿಕ್ಕು. ಎಡಕ್ಕೆ ನಡೆಯುವ ಚಿತ್ರವನ್ನೇ ತಿರುಗಿಸಿದರೆ ಬಲಕ್ಕೆ ಆಗುತ್ತದೆ, ಹಾಗಾಗಿ ಬಿಡಿಸಬೇಕಾದ್ದು ಮೂರು ದಿಕ್ಕು. ಆರು ಫ್ರೇಮ್ ಸಾಕು. ಪಾತ್ರಕ್ಕೆ 18 ಚಿತ್ರ. ಒಂದೇ ಊರು, ಮೂರು ಜನ ಅಂದರೆ 54. ಅದು 27 ಗಂಟೆ ಕೆಲಸ. ಇಷ್ಟಕ್ಕೆ ನಾನು ಹೂಂ ಅನ್ನಬಲ್ಲೆ.

ಇನ್ನೊಂದು ಮಾತು. ನಿಮ್ಮ ಪೋಸ್ಟಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನದಿ ತಿರುವು ಕತ್ತರಿಸಿದ ರಾತ್ರಿ. ಹನ್ನೆರಡು ಊರಿನ ಲೆಕ್ಕ ನನಗೆ ಬೇಕಿರಲಿಲ್ಲ. ಆ ತಿರುವಿನ ವಿಡಿಯೋ ಎಲ್ಲಿದೆ?

ಕೊನೆಬಿಲ್ಡ್:

ಚುಕ್ಕಿಚಿತ್ರ ಅವರು ಹೇಳಿದ್ದು ಸರಿ. ನಾನು ಒಂದು ಸಣ್ಣ ಗೇಮನ್ನು ಮೂರು ಜನರ ತಂಡದಲ್ಲಿ ಮುಗಿಸಿ, ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ ಹಾಕಿದ್ದೇನೆ. ದುಡ್ಡಿನ ವಿಷಯ ನಾನು ಹೇಳುತ್ತೇನೆ, ಯಾಕೆಂದರೆ ಪಾಲು ಕೊಡುತ್ತೇನೆ ಅನ್ನುವ ಮಾತಿಗೆ ಬರೆದಿಡದಿದ್ದರೆ ಬೆಲೆ ಇಲ್ಲ.

ಸ್ಟೀಮ್‌ನಲ್ಲಿ ಒಂದು ಗೇಮ್ ಹಾಕಲು 100 ಡಾಲರ್ ಕಟ್ಟಬೇಕು. ಮಾರಾಟ 1,000 ಡಾಲರ್ ದಾಟಿದರೆ ಅದು ವಾಪಸ್ ಬರುತ್ತದೆ. ಮಾರಾಟದಲ್ಲಿ 30% ಅವರೇ ಇಟ್ಟುಕೊಳ್ಳುತ್ತಾರೆ. ಮೇಲೆ ತೆರಿಗೆ. ಪಾಲು ಅಂದರೆ ಇದೆಲ್ಲ ಹೋಗಿ ಉಳಿದದ್ದರಲ್ಲಿ ಅಂತ ಮೊದಲ ದಿನವೇ ಬರೆಯಿರಿ. ಸೇರಿದ ಕೂಡಲೇ ಯಾರಿಗೂ ದೊಡ್ಡ ಪಾಲು ಬರೆದುಕೊಡಬೇಡಿ. ಮುಗಿಸಿ ಕೊಟ್ಟ ಕೆಲಸಕ್ಕೆ ತಕ್ಕಂತೆ ಪಾಲು ಬೆಳೆಯಲಿ. ನೀವೂ ಅದೇ ನಿಯಮಕ್ಕೆ ಸೇರಿರಿ.

ಮಧ್ಯದಲ್ಲಿ ಬಿಟ್ಟವರ ಚಿತ್ರ ಏನಾಗಬೇಕು ಅನ್ನುವುದನ್ನೂ ಬರೆದಿಡಿ. ಬಹುತೇಕ ದೇಶಗಳಲ್ಲಿ, ಬರಹದಲ್ಲಿ ಒಪ್ಪಂದ ಇಲ್ಲದಿದ್ದರೆ, ಸಂಬಳಕ್ಕಿಲ್ಲದವರು ಬಿಡಿಸಿದ ಚಿತ್ರದ ಹಕ್ಕು ಬಿಡಿಸಿದವರದ್ದೇ. ನಮ್ಮ ತಂಡದಿಂದ ಒಬ್ಬರು ಹೋದಾಗ ಇದು ಬರೆದಿರಲಿಲ್ಲ. ಏಳು ತಿಂಗಳ ಚಿತ್ರಗಳನ್ನು ತೆಗೆದುಹಾಕಿ ಮತ್ತೆ ಮಾಡಿಸಿದೆವು. ಅವರದ್ದು ತಪ್ಪಿರಲಿಲ್ಲ, ನಾವು ಕೇಳಿಯೇ ಇರಲಿಲ್ಲ.

ಜನ ಎಲ್ಲಿ ಸಿಗುತ್ತಾರೆ ಅಂದರೆ, ಗೇಮ್ ಜಾಮ್‌ಗಳಲ್ಲಿ. ಅಲ್ಲಿ ಜನ ತಂಡ ಕಟ್ಟಿಕೊಂಡು ಕೆಲವೇ ದಿನದಲ್ಲಿ ಒಂದು ಪುಟ್ಟ ಗೇಮ್ ಮಾಡುತ್ತಾರೆ. 48 ಗಂಟೆ ಒಟ್ಟಿಗೆ ಕೆಲಸ ಮಾಡಿದರೆ ಸಾಕು, ಯಾರು ಹೇಳಿದ ಹೊತ್ತಿಗೆ ಫೈಲ್ ಕಳಿಸುತ್ತಾರೆ, ಯಾರ ಜೊತೆ ಜಗಳವಾಡಿದ ಮೇಲೂ ಮಾತಾಡಬಹುದು ಅಂತ ಗೊತ್ತಾಗುತ್ತದೆ. ಸೆಲೆಸ್ಟ್ ಗೇಮ್ ಶುರುವಾದದ್ದು 2015ರಲ್ಲಿ ಇಬ್ಬರು ನಾಲ್ಕು ದಿನದಲ್ಲಿ ಮಾಡಿದ ಪುಟ್ಟ ಗೇಮ್ ಆಗಿ. ದೊಡ್ಡದು ಬಂದದ್ದು 2018ರಲ್ಲಿ. ಸ್ಟಾರ್‌ಡ್ಯೂ ವ್ಯಾಲಿಯನ್ನು ಒಬ್ಬರೇ ನಾಲ್ಕು ವರ್ಷಕ್ಕೂ ಜಾಸ್ತಿ ಕೂತು ಮಾಡಿದರು ನಿಜ, ಆದರೆ ಅವರಿಗೆ ಚಿತ್ರ, ಸಂಗೀತ ಎರಡೂ ಬರುತ್ತಿತ್ತು. ನಿಮ್ಮ ದಾರಿ ಮೊದಲಿನದ್ದು, ಸೆಲೆಸ್ಟ್‌ನದ್ದು.

ಒಳಕಿವಿ:

ನಾನು ಸೌಂಡ್ ಮಾಡುತ್ತೇನೆ. ನನಗೆ ಒಂದೇ ಪ್ರಶ್ನೆ. ಆಡುವವರು ನಿಂತ ಜಾಗದಲ್ಲಿ ನೀರಿನ ವೇಗ ಎಷ್ಟು ಅನ್ನುವ ಸಂಖ್ಯೆಯನ್ನು ನಿಮ್ಮ ಗೇಮ್ ಕೊಡಬಲ್ಲದಾ? ಕೊಟ್ಟರೆ ನಿಂತ ನೀರು, ಹರಿವು, ಪ್ರವಾಹ ಅಂತ ಮೂರು ಲೂಪ್, ಅಂದರೆ ಮತ್ತೆ ಮತ್ತೆ ಓಡುವ ಸದ್ದು, ಮಾಡಿ, ಆ ಸಂಖ್ಯೆಗೆ ತಕ್ಕಂತೆ ಒಂದರಿಂದ ಒಂದಕ್ಕೆ ಸದ್ದು ಕರಗಿಸಬಹುದು. ಆಗ ನದಿ ಹತ್ತಿರ ಬಂದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ದಯವಿಟ್ಟು ಬೇರೆಯವರ ಸಂಗೀತ ತಾತ್ಕಾಲಿಕ ಅಂತ ಹಾಕಿ ಕಳಿಸಬೇಡಿ. ಒಮ್ಮೆ ಕೇಳಿದರೆ ಅದೇ ಕಿವಿಯಲ್ಲಿ ಕೂತುಬಿಡುತ್ತದೆ. ಸದ್ದಿಲ್ಲದ ಬಿಲ್ಡ್, ಅಂದರೆ ಆಡಿ ನೋಡಬಹುದಾದ ಗೇಮ್ ಫೈಲ್, ಕೊಡಿ.

ನದಿನಕ್ಷೆ:

ಮೂರು ವಾರ ಮಾತಾಡದೆ ಇದ್ದೆ, ಕ್ಷಮಿಸಿ. ನಿಮ್ಮೆಲ್ಲರ ಮಾತು ಓದಿದ ಮೇಲೆ ಹನ್ನೊಂದು ಊರು ತೆಗೆದು ಬದಿಗಿಟ್ಟೆ. ಕಷ್ಟ ಆಯಿತು. ಒಂದೊಂದಕ್ಕೂ ಹೆಸರಿಟ್ಟಿದ್ದೆ.

ಈಗ ಇರುವುದು ಒಂದು ಊರು, ಒಂದು ಮಳೆಗಾಲ, ಇಪ್ಪತ್ತು ನಿಮಿಷ. ಜನರ ಬದಲು ಬಣ್ಣದ ಡಬ್ಬಗಳಿವೆ, ಆದರೆ ಮೊದಲಿಂದ ಕೊನೆವರೆಗೆ ಆಡಬಹುದು. ಬಿಲ್ಡೂ, ತಿರುವು ಕತ್ತರಿಸುವ ನಲವತ್ತು ಸೆಕೆಂಡಿನ ವಿಡಿಯೋವೂ ನನ್ನ ಪ್ರೊಫೈಲಿನಲ್ಲಿವೆ. ಒಳಕಿವಿ ಅವರೇ, ವೇಗದ ಸಂಖ್ಯೆ ಸಿಗುತ್ತದೆ, ಸೊನ್ನೆಯಿಂದ ಒಂದರವರೆಗೆ. ಕೊನೆಬಿಲ್ಡ್ ಅವರು ಹೇಳಿದಂತೆ ಎರಡು ಪುಟದ ಒಪ್ಪಂದ ಬರೆದಿದ್ದೇನೆ, ಅದೂ ಅಲ್ಲೇ ಇದೆ.

ನಿನ್ನೆ ನನ್ನ ತಂಗಿ ಆಡಿದಳು. ಅವಳು ನಕ್ಷೆಯಲ್ಲಿ ತಪ್ಪು ಮಾಡಿದ್ದಳು. ಹಳದಿ ಡಬ್ಬ ಮರಳಿಂದ ನಡೆದು ಬಂದು ಅವಳ ಎದುರು ನಿಂತಿತು. ಅದಕ್ಕೆ ಮುಖವೇ ಇಲ್ಲ. ಆದರೂ ಅವಳು ಕಂಟ್ರೋಲರ್ ಕೆಳಗಿಟ್ಟು, "ಅಯ್ಯೋ, ನಾನೇ ಅಲ್ವಾ ಹೇಳಿದ್ದು ಇವರಿಗೆ" ಅಂದಳು.

ಮೊದಲು ಬೇಕಾಗಿರುವುದು ಜನರಲ್ಲ, ದಂಡೆ. ಮರಳಿನ ಅಂಚು ಹೇಗೆ ತಿರುಗಿದರೂ ಕೂಡಿಕೊಳ್ಳುವ ಚೌಕ ಚಿತ್ರಗಳು, ಅಂದರೆ ಟೈಲ್‌ಗಳು. ಪ್ರತಿ ಪಕ್ಕದಲ್ಲೂ ಮರಳು ಇಲ್ಲವೇ ನೀರು, ನಾಲ್ಕು ಪಕ್ಕದ ಲೆಕ್ಕಕ್ಕೆ ಹದಿನಾರು.

ಚುಕ್ಕಿಚಿತ್ರ:

ಆಡಿದೆ, ಎರಡು ಸಲ. ಎರಡನೇ ಸಲವೂ ನನ್ನ ದೋಣಿ ಸಿಕ್ಕಿಕೊಂಡಿತು. ಒಪ್ಪಂದ ಓದಿದ್ದೇನೆ, ಬಿಟ್ಟುಹೋಗುವ ಸಾಲು ಸರಿಯಾಗಿದೆ. ಹದಿನಾರು ಟೈಲ್ ನಾನು ತೆಗೆದುಕೊಳ್ಳುತ್ತೇನೆ, ಭಾನುವಾರದೊಳಗೆ. ನೀರು ಇಳಿದ ಮೇಲೆ ಮರಳು ಎಷ್ಟು ಹೊತ್ತು ಒದ್ದೆಯಾಗಿ ಕಾಣಬೇಕು? ಒಂದು ಬಣ್ಣ ಸಾಕಾ, ಎರಡು ಬೇಕಾ?