ಹಳೇ ಬಾರ್ಬಿ ಅಂಟಂಟು, ಎಷ್ಟ್ ತೊಳೆದ್ರೂ ಹೋಗ್ತಿಲ್ಲ, ಹೆಲ್ಪ್ ಮಾಡಿ ಪ್ಲೀಸ್

ಕಾಫಿಹೂ_ಕೊಪ್ಪ:
ಎಲ್ರಿಗೂ ನಮಸ್ಕಾರ. ನನ್ ಚಿಕ್ಕಂದಿನ ಬಾರ್ಬಿ, ಸೀರೆ ಉಟ್ಟಿರೋದು, ಅಮ್ಮನ ಮನೆ ಟ್ರಂಕಲ್ಲಿ ಸಿಕ್ತು. ಖುಷಿ ಎಲ್ಲ ಕೈಗೆ ತಗೊಳ್ಳೋವರೆಗೆ ಮಾತ್ರ, ಮುಟ್ಟಿದ್ರೆ ಜೋನಿಬೆಲ್ಲ ಮುಟ್ಟಿದ ಹಾಗಿದೆ. ಸೋಪಲ್ಲಿ ತೊಳೆದೆ, ಒಣಗಿಸಿದೆ, ಮತ್ತೆ ಅದೇ ಕಥೆ, ಧೂಳು ಕೂದ್ಲು ಹತ್ತಿ ಎಳೆ ಎಲ್ಲ ಹಿಡ್ಕೊಂಡು ಕೂತಿದೆ. ಅತ್ತಿಗೆ ಸೀಮೆಎಣ್ಣೆ ಹಚ್ಚು ಅಂದ್ರು, ಮನೆಯವ್ರು ಬಿಸಾಕು ಅಂದ್ರು. ಬಿಸಾಕು ಅನ್ನೋರು ದಯವಿಟ್ಟು ಇಲ್ಲಿ ಬರೀಬೇಡಿ, ತಲೆ ಕೆಟ್ಟಿದೆ. ಬೆನ್ನ ಮೇಲೆ 1966 ಅಂತ ಇದೆ, ಅಂದ್ರೆ ಸಿಕ್ಕಾಪಟ್ಟೆ ಹಳೇದು. ಏನ್ ಮಾಡ್ಲಿ?

ಶೋಕೇಸ್_ಹಾಸನ:
ಮೇಡಂ ಇದು ಪಕ್ಕಾ ಗ್ಲೂ ಹೆಡ್. ನೂರಕ್ಕೆ ನೂರು. ಕೂದ್ಲು ಉದುರಬಾರ್ದು ಅಂತ ತಲೆ ಒಳಗೆ ಅಂಟು ಹಾಕಿರ್ತಾರೆ, ವರ್ಷಗಳಾದ್ಮೇಲೆ ಆ ಅಂಟು ವಿನೈಲ್ (ತಲೆಯ ಮೆತ್ತನೆ ಪ್ಲಾಸ್ಟಿಕ್) ದಾಟಿ ಹೊರಗೆ ಬಂದು ಕೂದಲ ಬುಡದಲ್ಲಿ ಜಿನುಗುತ್ತೆ. ಪರ್ಮನೆಂಟ್ ಪರಿಹಾರ ಇಲ್ಲ. ತಲೆ ಕಿತ್ತು ಒಳಗಿರೋ ಅಂಟನ್ನ ಚಿಮಟದಲ್ಲಿ ಎಳೆದು ತೆಗೀರಿ, ಎಷ್ಟು ಬರುತ್ತೋ ಅಷ್ಟು.

ರೋಬಸ್ಟಾ_ರಾಜ:
ಕೊಪ್ಪದ ಮಳೆಯಲ್ಲಿ ಅಂಟೇನು, ಬೂಷ್ಟು ಅಷ್ಟೇ. ನಮ್ಮನೇಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ ಯಾವ್ದೂ ಬಿಟ್ಟಿಲ್ಲ. ಬಿಸ್ಲಿಗೆ ಇಡಿ ಸರಿಹೋಗುತ್ತೆ.

ಕಾಫಿಹೂ_ಕೊಪ್ಪ:
ಬಿಸ್ಲು ಎಲ್ಲಿಂದ ತರ್ಲಿ ರಾಜಣ್ಣ, ಜುಲೈ ಇದು. ತಲೆ ಕೀಳೋಕೆ ಭಯ ಆಗುತ್ತೆ. 1966ರದ್ದು ಬೇರೆ.

ಶೋಕೇಸ್_ಹಾಸನ:
ಭಯ ಯಾಕೆ, ಕೆಳಗಿಂದ ಹಿಡಿದು ಎಳೆದ್ರೆ ಬರುತ್ತೆ. ನಾನು ಎಷ್ಟೋ ತೆಗೆದಿದೀನಿ. ನನ್ ಹತ್ರ ಮೂರು ಗಾಜಿನ ಕಪಾಟು ಇದೆ, ಒಳಗೆ ಎಲ್‌ಇಡಿ, ಸಿಲಿಕಾ ಜೆಲ್, ಹ್ಯುಮಿಡಿಟಿ ಮೀಟರ್ ಎಲ್ಲ ಇದೆ. ಫೋಟೋ ಹಾಕ್ತೀನಿ ಇರಿ. ಎಡಗಡೆ ಕಪಾಟು ಪೂರ್ತಿ ಬಾಕ್ಸ್ ಓಪನ್ ಮಾಡದ ಪೀಸ್‌ಗಳು.

ಲ್ಯಾಬ್_ಮಿಸ್:
ಸರ್ ಎಳೀರಿ ಅಂತ ಹಾಗೆ ಹೇಳ್ಬೇಡಿ, ತಣ್ಣಗಿರೋ ತಲೆ ಎಳೆದ್ರೆ ಕತ್ತಿನ ಗುಬಟು ಒಳಗೇ ಮುರಿಯುತ್ತೆ. ಮೊದ್ಲು ಬಿಸಿನೀರಲ್ಲೋ ಹೇರ್ ಡ್ರೈಯರಲ್ಲೋ ವಿನೈಲ್ ಮೆತ್ತಗೆ ಮಾಡ್ಕೋಬೇಕು. ಅದಿರ್ಲಿ, ಅಂಟು ಎಲ್ಲಿದೆ ಅಂತಾನೇ ಅವ್ರು ಹೇಳಿಲ್ವಲ್ಲ. ತಲೇಲಾ, ಕೈಲಾ, ಕಾಲಲ್ಲಾ?

ಮತ್ತೆ ಆ 1966 ತಯಾರಾದ ವರ್ಷ ಅಲ್ಲ ಅಕ್ಕ. ಸೊಂಟ ತಿರುಗೋ ಬಾಡಿ ಡಿಸೈನಿನ ವರ್ಷ ಅದು, 90ರ ದಶಕದ ಗೊಂಬೆ ಬೆನ್ನ ಮೇಲೂ ಅದೇ ಅಚ್ಚು ಇರುತ್ತೆ. ತಲೆ ಒಳಗೆ ಕತ್ತಿನ ಅಂಚಲ್ಲಿ 1976 ಅಂತ ಇದ್ರೆ ಅದು ಸೂಪರ್‌ಸ್ಟಾರ್ ಅಂತ ಕರೆಯೋ ಮುಖದ ಅಚ್ಚು, 1977ರಲ್ಲಿ ಬಂದಿದ್ದು, ಅದನ್ನೂ ಆಮೇಲೆ ಎಷ್ಟೋ ವರ್ಷ ಹಾಕಿದ್ರು. 1966ರ ಪಕ್ಕ ಇಂಡಿಯಾ ಅಂತ ಇದ್ಯಾ ನೋಡಿ. ಸೀರೆ ಅಂದ್ಮೇಲೆ ಬಹುಶಃ 80ರ ಕೊನೆ ಅಥ್ವಾ 90ರದ್ದು, ಲಿಯೋ ಮ್ಯಾಟೆಲ್ ಅನ್ನೋ ಹೆಸರಲ್ಲಿ ಬಾರ್ಬಿನ ಇಂಡಿಯಾದಲ್ಲೇ ಮಾಡ್ತಿದ್ರಲ್ಲ ಆ ಕಾಲದ್ದು.

ಕಾಫಿಹೂ_ಕೊಪ್ಪ:
ಇಂಡಿಯಾ ಅಂತ ಇದೆ 🙁 1966 ಅಲ್ಲ ಅಂತ ಆಯ್ತು.

ಪಟ್ಟದಗೊಂಬೆ:
ಬೇಜಾರ್ ಮಾಡ್ಕೋಬೇಡಿ. ಅಷ್ಟಕ್ಕೂ ಗೊಂಬೆ ಅಂದ್ರೆ ನಮ್ಮ ಪಟ್ಟದ ಗೊಂಬೆ, ನಮ್ಮಜ್ಜಿ ಕೊಟ್ಟ ಜೋಡಿ ಇವತ್ತಿಗೂ ಹಾಗೇ ಇದೆ, ಮರದ್ದು ಅಂಟೂ ಇಲ್ಲ ಗಿಂಟೂ ಇಲ್ಲ. ಈಗಿನವ್ರು ದಸರಾ ಮೆಟ್ಟಿಲ ಮೇಲೆ ಬಾರ್ಬಿ ಇಡ್ತಾರೆ, ಕಲಶದ ಪಕ್ಕ ಗೌನ್ ಹಾಕ್ಕೊಂಡು ನಿಂತಿರುತ್ತೆ, ನೋಡೋಕಾಗಲ್ಲ.

ರೋಬಸ್ಟಾ_ರಾಜ:
ಯಾಕೆ ನೋಡೋಕಾಗಲ್ಲ? ನಮ್ಮನೆ ಮೆಟ್ಟಿಲ ಮೇಲೆ ಕ್ರಿಕೆಟ್ ಟೀಮ್, ರೈಲು, ಸಂತೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಎಲ್ಲ ಇರುತ್ತೆ. ಮಕ್ಕಳು ನೋಡೋಕೆ ಬರೋದೇ ಅದಕ್ಕೆ.

ಪಟ್ಟದಗೊಂಬೆ:
ಪಲ್ಪರ್ರಾ? ಸರಿ ಬಿಡಿ, ನಿಮ್ ಹತ್ರ ಏನ್ ಮಾತು.

ಶೋಕೇಸ್_ಹಾಸನ:
ಗ್ಲೂ ಹೆಡ್ ವಿಷ್ಯ ಎಲ್ಲಿಗ್ ಬಂತು? 90ರ ಪೀಸ್ ಅಂದ್ಮೇಲೆ ನಾನ್ ಹೇಳಿದ್ದೇ ಕರೆಕ್ಟ್ ಆಯ್ತಲ್ಲ.

ಕಾಫಿಹೂ_ಕೊಪ್ಪ:
ಸರ್ ಅಂಟು ಇರೋದು ಕಾಲಲ್ಲಿ ಮಾತ್ರ. ತಲೆ, ಕೂದ್ಲು ಚೆನ್ನಾಗೇ ಇದೆ. ಗೊತ್ತಿರುತ್ತೆ ಅಂದ್ಕೊಂಡೆ.

ಶೋಕೇಸ್_ಹಾಸನ:
ತಲೆಯಿಂದ ಕಾಲಿಗೆ ಇಳಿದಿರಬಹುದು. ಮಲಗಿಸಿ ಇಟ್ಟಿದ್ರಾ, ನಿಲ್ಲಿಸಿ ಇಟ್ಟಿದ್ರಾ?

ಲ್ಯಾಬ್_ಮಿಸ್:
ಸರ್ 😀 ಮಧ್ಯ ಸೊಂಟ ಒಣಗಿದೆಯಲ್ಲ, ಅದನ್ನ ಹಾರಿ ಇಳೀತಾ?

ಅಕ್ಕ, ಮಂಡಿ ಮಡಿಸಿದ್ರೆ ಕಟಕ್ ಕಟಕ್ ಅನ್ನುತ್ತಾ? ಅನ್ನುತ್ತೆ ಅಂದ್ರೆ ಕಾಲಿನ ಮೇಲಿನ ಚರ್ಮ ಮೆತ್ತನೆ ಪಿವಿಸಿ, ಅದೇ ವಿನೈಲ್ ಪ್ಲಾಸ್ಟಿಕ್. ಪಿವಿಸಿ ತಾನಾಗೇ ಗಟ್ಟಿ ವಸ್ತು, ಮೆತ್ತಗಾಗ್ಲಿ ಅಂತ ಎಣ್ಣೆ ಥರದ್ದು ಸೇರಿಸಿರ್ತಾರೆ, ಪ್ಲಾಸ್ಟಿಸೈಜರ್ ಅಂತಾರೆ. ವಯಸ್ಸಾದ್ಮೇಲೆ ಅದು ಮೇಲಕ್ಕೆ ಬರುತ್ತೆ, ಸೆಕೆ ಇದ್ರೆ ಇನ್ನೂ ಬೇಗ. ಹೊಟ್ಟೆ ಬೆನ್ನು ಗಟ್ಟಿ ಪ್ಲಾಸ್ಟಿಕ್, ಅದಕ್ಕೇ ಅಲ್ಲಿ ಅಂಟಿಲ್ಲ. ಟ್ರಂಕ್ ಎಲ್ಲಿತ್ತು, ಗೊಂಬೆ ಜೊತೆ ಏನೇನಿತ್ತು?

ಕಾಫಿಹೂ_ಕೊಪ್ಪ:
ಕಟಕ್ ಅನ್ನುತ್ತೆ. ಟ್ರಂಕ್ ಬಚ್ಚಲುಮನೆ ಅಟ್ಟದಲ್ಲಿತ್ತು, ಹಂಡೆ ಒಲೆ ಮೇಲೇ ಬರುತ್ತೆ, ಅಲ್ಲಿ ಥಂಡಿ ಆಗಲ್ಲ ಅಂತ ಅಮ್ಮ ಬೆಲೆಬಾಳೋದೆಲ್ಲ ಅಲ್ಲೇ ಇಡೋದು. ಗೊಂಬೆ ಜಿಪ್ ಇರೋ ಸೀರೆ ಕವರಲ್ಲಿತ್ತು, ಜೊತೆಗೆ ಒಂದು ಪುಟ್ಟ ಬಾಚಣಿಗೆ. ಆ ಬಾಚಣಿಗೆ ಕಾಲಿಗೆ ಕಚ್ಕೊಂಡು ಹಲ್ಲೆಲ್ಲ ಕರಗಿದ ಹಾಗಾಗಿದೆ, ಅದೇನೋ ಇಲಿ ಕಡಿದಿರಬೇಕು ಅಂದ್ಕೊಂಡಿದ್ದೆ.

ಲ್ಯಾಬ್_ಮಿಸ್:
ಅಯ್ಯೋ ಮಾರಾಯ್ತಿ, ಇದನ್ನ ಮೊದ್ಲೇ ಹೇಳೋದಲ್ವಾ! ದಿನಾ ಬೆಳಗ್ಗೆ ಒಲೆ ಉರಿ, ಮೇಲೆ ಕಬ್ಬಿಣದ ಪೆಟ್ಟಿಗೆ. ಬಾಚಣಿಗೆ ಪಾಲಿಸ್ಟೈರೀನ್ ಅನ್ನೋ ಗಟ್ಟಿ ಪ್ಲಾಸ್ಟಿಕ್ ಇರಬೇಕು, ಕಾಲಿಂದ ಬಂದ ಪ್ಲಾಸ್ಟಿಸೈಜರ್ ಅದನ್ನ ಕರಗಿಸಿದೆ. ಬೂಷ್ಟು ಬಾಚಣಿಗೆ ಕರಗಿಸಲ್ಲ ರಾಜಣ್ಣ.

ಈಗ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಲಿಕ್ವಿಡ್ ಎರಡು ಹನಿ, ಕಾಲು ಮಾತ್ರ ತೊಳೆದು ಪೂರ್ತಿ ಒಣಗಿಸಿ, ಆಮೇಲೆ ಕಾರ್ನ್‌ಫ್ಲೋರ್ ಸವರಿ ಒಂದು ರಾತ್ರಿ ಬಿಟ್ಟು ಒರೆಸಿ. ಮತ್ತೆ ಜಿನುಗುತ್ತೆ, ಮತ್ತೆ ಮಾಡಿ. ನಿಲ್ಲಿಸೋಕೆ ಆಗಲ್ಲ, ಕಡಿಮೆ ಮಾಡ್ಬಹುದು ಅಷ್ಟೇ. ಸೀಮೆಎಣ್ಣೆ ಬೇಡ, ನೇಲ್ ಪಾಲಿಶ್ ರಿಮೂವರ್ ಅಂತೂ ಬೇಡವೇ ಬೇಡ, ಅದ್ರಲ್ಲಿ ಅಸಿಟೋನ್ ಇದ್ರೆ ಮುಖದ ಬಣ್ಣ ಹೋಗುತ್ತೆ, ಗಟ್ಟಿ ಪ್ಲಾಸ್ಟಿಕ್ಕೂ ಕರಗುತ್ತೆ. ಆ ಸೀರೆ ಕವರೂ ಪಿವಿಸಿನೇ ಇರಬಹುದು, ಅದ್ರಲ್ಲಿ ಇಡ್ಬೇಡಿ. ಹಳೇ ಬಿಳಿ ಪಂಚೆ ತುಂಡಲ್ಲಿ ಸುತ್ತಿ ತಣ್ಣಗಿರೋ ಬೀರು ಒಳಗಿಡಿ. ಬಣ್ಣದ ಬಟ್ಟೆ ಬೇಡ, ಬಣ್ಣ ಹತ್ತುತ್ತೆ.

ರೋಬಸ್ಟಾ_ರಾಜ:
ಮಲ್ನಾಡಲ್ಲಿ ಹಿಟ್ಟು ಸವರಿ ಇಡೋದಾ? ನಾಳೆ ಹುಳ, ನಾಡಿದ್ದು ಬೂಷ್ಟು. ಕೊನೆಗೆ ನಾನ್ ಹೇಳಿದ್ದಕ್ಕೇ ಬರ್ತೀರಾ. ಟಾಲ್ಕಮ್ ಪೌಡರ್ ಹಾಕಿ.

ಲ್ಯಾಬ್_ಮಿಸ್:
ಒರೆಸಿ ಅಂತ ಬರ್ದಿದೀನಲ್ಲ. ಪೌಡರ್ರೂ ಆಗುತ್ತೆ, ವಾಸನೆ ಇಲ್ಲದ್ದು ಹಾಕಿ.

ಕಾಫಿಹೂ_ಕೊಪ್ಪ:
ಪೌಡರ್ ಹಾಕಿದೆ, ಕಾಲು ಈಗ ಮುಟ್ಟೋ ಹಾಗಿದೆ. ಥ್ಯಾಂಕ್ಸ್ ಮಿಸ್. ಆದ್ರೆ ರವಿಕೆ ಬಿಚ್ಚಿದ್ರೆ ಬೆನ್ನೆಲ್ಲ ಕೆಂಪು ಕಲೆ.

ಲ್ಯಾಬ್_ಮಿಸ್:
ರವಿಕೆ ಬಣ್ಣ ಇಳಿದಿದೆ. ಮೆಡಿಕಲ್ ಶಾಪಲ್ಲಿ ಬೆಂಜೋಯಿಲ್ ಪೆರಾಕ್ಸೈಡ್ ಇರೋ ಮೊಡವೆ ಕ್ರೀಮ್ ಸಿಗುತ್ತೆ, ಕಲೆ ಮೇಲೆ ಮಾತ್ರ ಹಚ್ಚಿ ಬಿಸ್ಲಿಗಿಡ್ಬೇಕು. ಮುಖಕ್ಕೆ, ಬಟ್ಟೆಗೆ ತಾಗ್ಬಾರ್ದು, ಬಣ್ಣ ತಿನ್ನುತ್ತೆ. ಬಿಸ್ಲು ಬೇಕೇ ಬೇಕು, ಹಾಗಾಗಿ ದೀಪಾವಳಿ ಕಳೀಲಿ. ಗಟ್ಟಿ ಪ್ಲಾಸ್ಟಿಕ್ ಮೇಲೆ ಎಲ್ಲಾ ಕಲೆ ಹೋಗುತ್ತೆ ಅಂತಿಲ್ಲ.

ಶೋಕೇಸ್_ಹಾಸನ:
ಫೋಟೋ ಹಾಕಿದೀನಿ ಎಲ್ರೂ ನೋಡಿ. ನಡು ಕಪಾಟಿನ ಎರಡ್ನೇ ಸಾಲಲ್ಲಿ ಕುದುರೆಬಾಲ ಜಡೆಯದ್ದು ಇದೆಯಲ್ಲ, ಭಾವ ಅಮೆರಿಕಾದಿಂದ ತಂದಿದ್ದು, 60ರ ದಶಕದ ಶುರುವಿನದ್ದು. ಲೋಹದ ಓಲೆ ಇತ್ತು, ಕಿವಿ ಸುತ್ತ ಹಸಿರಾಗಿದೆ, ತಾಮ್ರದ ಕಿಲುಬು. ಅದು ಅಸಲಿ ವಿಂಟೇಜ್ ಗುರುತು. ಮೇಡಂ, ನಿಮ್ದು ಕೊಡೋದಾದ್ರೆ ಹೇಳಿ, ಕಾಲು ಹಾಗಿದ್ರೂ ಪರ್ವಾಗಿಲ್ಲ.

ಕಾಫಿಹೂ_ಕೊಪ್ಪ:
ಕೊಡಲ್ಲ ಸರ್.

ಸಕ್ಲೇಶ್ಪುರ_ಘಾಟಿ:
ನಂದೂ ಅಂಟು ಸಮಸ್ಯೆನೇ, ಆದ್ರೆ ಗೊಂಬೆ ಅಲ್ಲ, ಹಳೇ ಬೈನಾಕ್ಯುಲರ್ ಹಿಡಿ ರಬ್ಬರ್. ಇಲ್ಲೇ ಕೇಳ್ಬಹುದಾ, ಪೌಡರ್ ಹಾಕಿದ್ರೆ ಆಗುತ್ತಾ?

ರೋಬಸ್ಟಾ_ರಾಜ:
ಬಿಸ್ಲಿಗೆ ಇಡಿ.